ಮಕ್ಕಳಿಗೆ ಔಷಧಿ ಕೊಡುವ ನರ್ಸಿಂಗ್ ತರಬೇತಿ: ಲೆಕ್ಕ ಚೆನ್ನಾಗಿ ಕಲಿಸುತ್ತಾರೆ, ರಾತ್ರಿ ಪಾಳಿಯನ್ನು ಮರೆಯುತ್ತಾರೆ

ಮಕ್ಕಳ ವಾರ್ಡಿನ ನರ್ಸ್‌ಗಳಿಗೆ ಔಷಧಿಯನ್ನು ಸುರಕ್ಷಿತವಾಗಿ ಕೊಡುವುದನ್ನು ಕಲಿಸುವ ಎರಡು ದಿನದ ತರಬೇತಿಯೊಂದನ್ನು ಹಳೇ ಮೈಸೂರು ಭಾಗದ ಜಿಲ್ಲಾ ಕೇಂದ್ರವೊಂದರಲ್ಲಿ ಖಾಸಗಿ ಸಂಸ್ಥೆಯೊಂದು ನಡೆಸುತ್ತಿದೆ. ನಾನು ಕೆಲಸ ಮಾಡುವ ಆಸ್ಪತ್ರೆಯ ಮಕ್ಕಳ ವಿಭಾಗದ ಇನ್‌ಚಾರ್ಜ್ ಆಗಿ, ಹೊಸದಾಗಿ ಸೇರಿದ ಸ್ಟಾಫ್ ನರ್ಸ್‌ಗಳನ್ನು ಕರೆದುಕೊಂಡು ನಾನೂ ಇದರಲ್ಲಿ ಭಾಗವಹಿಸಿದ್ದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಮಾದರಿಯ ತರಬೇತಿಗಳು ಬೇರೆ ಊರುಗಳಲ್ಲೂ ನಡೆಯುವುದರಿಂದ, ಯಾವುದಕ್ಕೇ ಆಗಲಿ ಹಣ ಕಟ್ಟುವ ಮೊದಲು ಏನನ್ನು ಕೇಳಿಕೊಳ್ಳಬೇಕು ಎಂಬುದು ತಿಳಿದರೆ ಈ ವಿಮರ್ಶೆಯ ಕೆಲಸ ಆದಂತೆ.

ಬಂದವರಲ್ಲಿ ಖಾಸಗಿ ನರ್ಸಿಂಗ್ ಹೋಮಿನವರು ಹೆಚ್ಚು. ತಾಲ್ಲೂಕು ಆಸ್ಪತ್ರೆಯ ನರ್ಸಿಂಗ್ ಆಫೀಸರ್‌ಗಳು, ಮೆಡಿಕಲ್ ಕಾಲೇಜಿನ ನವಜಾತ ಶಿಶು ಘಟಕದವರು, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕೊನೆಯ ವರ್ಷದ ಕೆಲವು ವಿದ್ಯಾರ್ಥಿನಿಯರು ಕೂಡ ಇದ್ದರು. ಇಂಥ ತರಬೇತಿಗಳೆಂದರೆ ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ, ಪರದೆಯ ಮೇಲೆ 'ಐದು ಸರಿಗಳು' (ಸರಿಯಾದ ರೋಗಿ, ಔಷಧಿ, ಡೋಸ್, ಮಾರ್ಗ, ಸಮಯ) ಎಂಬ ಪಟ್ಟಿ, ಮಧ್ಯಾಹ್ನದ ಊಟ, ಪ್ರಮಾಣಪತ್ರ ಮತ್ತು ಗ್ರೂಪ್ ಫೋಟೋ ಎಂಬ ಅಭಿಪ್ರಾಯ ನನ್ನಲ್ಲಿ ಬಹಳ ಕಾಲದಿಂದ ಗಟ್ಟಿಯಾಗಿತ್ತು. ಇಲ್ಲಿ ದೀಪವೂ ಫೋಟೋವೂ ಇದ್ದವು. ಆದರೆ ನಡುವಿನ ಹೆಚ್ಚಿನ ಸಮಯವನ್ನು ನರ್ಸ್‌ಗಳು ಸಿರಿಂಜು ಹಿಡಿದುಕೊಂಡು ಕಳೆದರು ಎಂಬ ಕಾರಣಕ್ಕೆ ಈ ತರಬೇತಿಯ ಬಗ್ಗೆ ಬರೆಯಬೇಕೆನಿಸಿತು.

ಮಕ್ಕಳ ಔಷಧಿಗೆ ಪ್ರತ್ಯೇಕ ತರಬೇತಿ ಏಕೆ ಎಂಬ ಪ್ರಶ್ನೆಯನ್ನು ಆಸ್ಪತ್ರೆಯ ಆಡಳಿತದವರು ಕೇಳಿಯೇ ಕೇಳುತ್ತಾರೆ. ದೊಡ್ಡವರ ವಾರ್ಡಿನಲ್ಲಿ ಒಂದು ಆಂಪ್ಯೂಲ್ (ಇಂಜೆಕ್ಷನ್ ಔಷಧಿಯ, ಒಡೆದು ತೆರೆಯುವ ಸಣ್ಣ ಸೀಸೆ) ಎಂದರೆ ಸಾಮಾನ್ಯವಾಗಿ ಒಂದು ಡೋಸು. ಅಲ್ಲಿ ಹತ್ತು ಪಟ್ಟು ತಪ್ಪಾಗಬೇಕಾದರೆ ಹತ್ತು ಆಂಪ್ಯೂಲ್ ಒಡೆಯಬೇಕಾಗುತ್ತದೆ, ಎರಡನೆಯದನ್ನೋ ಮೂರನೆಯದನ್ನೋ ಒಡೆಯುವಾಗಲೇ ಕೈ ತಾನಾಗಿ ನಿಲ್ಲುತ್ತದೆ. ಮಕ್ಕಳ ವಾರ್ಡಿನಲ್ಲಿ ಬಳಸುವ ಬಹುಪಾಲು ಇಂಜೆಕ್ಷನ್‌ಗಳು ದೊಡ್ಡವರ ಅಳತೆಗೆ ತಯಾರಾದವು. ನಾಲ್ಕು ಕೆ.ಜಿ.ಯ ಕೂಸಿಗೆ ಬೇಕಾದ ಡೋಸೂ ಅದರ ಎಂಟು ಪಟ್ಟೂ ರಬ್ಬರ್ ಮುಚ್ಚಳದ ಅದೇ ಸೀಸೆಯೊಳಗೆ, ಅಂದರೆ ವಯಲ್‌ನೊಳಗೆ, ಇರುತ್ತವೆ. ದಶಾಂಶ ಬಿಂದು ಒಂದು ಮನೆ ಜರುಗಿದರೂ ಕೈಗೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಅಮೆರಿಕದ ಎರಡು ಬೋಧನಾ ಆಸ್ಪತ್ರೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಔಷಧಿ ಆದೇಶಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವು, ಹಾನಿಗೆ ದಾರಿಯಾಗಬಹುದಾದ ಔಷಧಿ ತಪ್ಪುಗಳು ದೊಡ್ಡವರಿಗಿಂತ ಮಕ್ಕಳಲ್ಲಿ ಮೂರು ಪಟ್ಟು ಹೆಚ್ಚು ಎಂದು ಕಂಡುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯು ಔಷಧಿಯಿಂದಾಗುವ ಹಾನಿಯನ್ನು ತಗ್ಗಿಸುವ ಜಾಗತಿಕ ಅಭಿಯಾನವನ್ನು 2017ರಲ್ಲಿ ಆರಂಭಿಸಿತು. ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೆ 2025ರಲ್ಲಿ ಅದು ಆರಿಸಿಕೊಂಡ ವಿಷಯವೂ ನವಜಾತ ಶಿಶುಗಳ ಮತ್ತು ಮಕ್ಕಳ ಸುರಕ್ಷತೆಯೇ ಆಗಿತ್ತು.

ಮೊದಲ ದಿನದ ಬೆಳಗಿನ ಅವಧಿಯೇ ಇಡೀ ತರಬೇತಿಯ ಜೀವಾಳ. ಉದ್ದನೆಯ ಮೇಜಿನ ಮೇಲೆ ನಮ್ಮ ವಾರ್ಡುಗಳಲ್ಲಿ ದಿನವೂ ಕಾಣುವ ಆಂಪ್ಯೂಲ್‌ಗಳನ್ನೂ ವಯಲ್‌ಗಳನ್ನೂ ಅವುಗಳ ಡಬ್ಬಿ ಸಮೇತ ಜೋಡಿಸಿದ್ದರು. ಒಳಗಿದ್ದುದು ಬಣ್ಣದ ನೀರು, ಹೊರಗಿನ ಲೇಬಲ್ ಮಾತ್ರ ನಿಜವಾದದ್ದು. ಪ್ರತಿಯೊಬ್ಬರಿಗೂ ಒಂದು ಕೇಸ್ ಶೀಟ್ ಕೊಟ್ಟು, ಮಗುವಿನ ತೂಕ ಮತ್ತು ವೈದ್ಯರ ಆದೇಶ ನೋಡಿಕೊಂಡು ಇಂಜೆಕ್ಷನ್ ಲೋಡ್ ಮಾಡಲು ಹೇಳಿದರು. ನನ್ನ ಪಕ್ಕದ ಮೇಜಿನವರಿಗೆ ಬಂದದ್ದು ಅಮಿಕಾಸಿನ್ ಎಂಬ ಆಂಟಿಬಯೋಟಿಕ್: ನಾಲ್ಕು ಕೆ.ಜಿ.ಯ ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಂತೆ 60 ಮಿ.ಗ್ರಾಂ. ಮೇಜಿನ ಮೇಲೆ ಮೂರು ಬಗೆಯ ವಯಲ್‌ಗಳಿದ್ದವು, ಒಂದರಲ್ಲಿ 100, ಇನ್ನೊಂದರಲ್ಲಿ 250, ಮತ್ತೊಂದರಲ್ಲಿ 500 ಮಿ.ಗ್ರಾಂ.; ಮೂರರಲ್ಲೂ ಇರುವ ದ್ರವ ಮಾತ್ರ ಅದೇ ಎರಡು ಮಿ.ಲೀ. ಮೊದಲನೆಯದರಿಂದ 1.2 ಮಿ.ಲೀ. ತೆಗೆಯಬೇಕು, ಎರಡನೆಯದರಿಂದ 0.48, ಮೂರನೆಯದರಿಂದ 0.24. ಆ ಮೇಜಿನ ಹುಡುಗಿ ಎರಡನೆಯ ವಯಲ್‌ನಿಂದ 1.2 ಮಿ.ಲೀ. ತೆಗೆದು ಟ್ರೇಯಲ್ಲಿಟ್ಟಳು. ಅವಳ ಆಸ್ಪತ್ರೆಯಲ್ಲಿ ಬರುವುದು 100ರ ವಯಲ್ ಮಾತ್ರವಂತೆ, ಹಾಗಾಗಿ ಎಷ್ಟು ಮಿ.ಲೀ. ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ತರಬೇತುದಾರರು ಅವಳನ್ನು ಗದರಲಿಲ್ಲ. "ನಿಮ್ಮ ಫಾರ್ಮಸಿಯಲ್ಲಿ 100ರದ್ದು ಮುಗಿದು 250ರದ್ದು ಬಂದ ದಿನ ನಿಮಗೆ ಯಾರು ಹೇಳುತ್ತಾರೆ, ಸಿಸ್ಟರ್?" ಎಂದಷ್ಟೇ ಕೇಳಿದರು. ಯಾರೂ ಹೇಳುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗ ಆದೇಶವನ್ನು ಮಿ.ಗ್ರಾಂ.ನಲ್ಲಿಯೇ ಓದಬೇಕು, ಪಾಳಿ ಬದಲಾಗುವಾಗ ಮುಂದಿನವರಿಗೆ ಹ್ಯಾಂಡ್‌ಓವರ್ ಕೊಡುವಾಗ "ಅಮಿಕಾಸಿನ್ ಒಂದು ಪಾಯಿಂಟ್ ಎರಡು ಎಂ.ಎಲ್." ಎನ್ನದೆ "ಅರವತ್ತು ಮಿಲಿಗ್ರಾಂ" ಎಂದೇ ಹೇಳಬೇಕು, ವಯಲ್ ಮೇಲಿನ ಪ್ರಮಾಣವನ್ನು ಪ್ರತಿ ಸಲವೂ ಓದಿ ಆಮೇಲೆ ಮಿ.ಲೀ.ಗೆ ಬರಬೇಕು ಎಂಬ ಸೂತ್ರವನ್ನು ಕೊಟ್ಟರು. ಪಠ್ಯಪುಸ್ತಕದಲ್ಲಿ ಇದೇ ಮಾತು ಒಂದು ಸಾಲಿನಲ್ಲಿ ಇರುತ್ತದೆ, ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಮೂರು ವಯಲ್‌ಗಳನ್ನು ಪಕ್ಕಪಕ್ಕ ಇಟ್ಟು ಕೈಯಲ್ಲಿ ಮಾಡಿಸಿದಾಗ ಅದು ಉಳಿಯಿತು.

ಫಿಟ್ಸ್ ಬರುವ ಶಿಶುಗಳಿಗೆ ಕೊಡುವ ಫಿನೋಬಾರ್ಬಿಟೋನ್ ಕೂಡ ಅಂಥದ್ದೇ. ನಮ್ಮಲ್ಲಿ ಸಿಗುವ ಆಂಪ್ಯೂಲ್‌ನಲ್ಲಿ ಒಂದು ಮಿ.ಲೀ.ಗೆ 200 ಮಿ.ಗ್ರಾಂ. ಇರುತ್ತದೆ. ಮೂರು ಕೆ.ಜಿ.ಯ ಶಿಶುವಿಗೆ ಕೆ.ಜಿ.ಗೆ 20 ಮಿ.ಗ್ರಾಂ.ನಂತೆ ಬೇಕಾದದ್ದು 60 ಮಿ.ಗ್ರಾಂ., ಅಂದರೆ 0.3 ಮಿ.ಲೀ. ಅರ್ಧದಷ್ಟು ಮಂದಿ ಇದನ್ನು ಎರಡು ಮಿ.ಲೀ. ಸಿರಿಂಜಿನಲ್ಲಿಯೇ ಅಳೆಯಲು ಹೊರಟರು. ಒಂದು ಮಿ.ಲೀ. ಸಿರಿಂಜು ಬಳಸುವುದು, ಇಲ್ಲವೇ ಇಡೀ ಆಂಪ್ಯೂಲನ್ನು ಹತ್ತು ಮಿ.ಲೀ.ಗೆ ತೆಳುಮಾಡಿ ಅದರಲ್ಲಿ ಮೂರು ಮಿ.ಲೀ. ತೆಗೆದು ನಿಧಾನವಾಗಿ ಕೊಡುವುದು, ಎರಡರಲ್ಲಿ ಯಾವುದಾದರೂ ಒಂದೇ ಪದ್ಧತಿ ಇಡೀ ವಾರ್ಡಿಗೆ ಇರಬೇಕು, ಪಾಳಿಗೊಂದು ಪದ್ಧತಿ ಆಗಬಾರದು ಎಂದು ಹೇಳಿಕೊಟ್ಟರು. ಈ ಸಂದರ್ಭದಲ್ಲಿ ತೋರಿಸಿದ ಒಂದು ಸಣ್ಣ ಪ್ರಯೋಗ ನನಗೂ ಹೊಸದಾಗಿತ್ತು. ಅತಿ ಕಡಿಮೆ ಪ್ರಮಾಣದ ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡು, ಅದೇ ಸೂಜಿಯಲ್ಲಿ ಮೇಲಿಂದ ಡಿಸ್ಟಿಲ್ಡ್ ವಾಟರ್ ಎಳೆದರೆ, ಸಿರಿಂಜಿನ ಮೂತಿಯಲ್ಲೂ ಸೂಜಿಯ ಬುಡದಲ್ಲೂ ನಿಂತಿದ್ದ ಔಷಧಿ ಕೂಡ ಒಳಗೆ ಸೇರಿಕೊಳ್ಳುತ್ತದೆ. ಅಳೆದದ್ದಕ್ಕಿಂತ ಹೆಚ್ಚು ಮಗುವಿಗೆ ಹೋಗುತ್ತದೆ. ಕಡುನೀಲಿ ಬಣ್ಣದ ನೀರಿನಲ್ಲಿ ಇದನ್ನು ಮಾಡಿ ತೋರಿಸಿದಾಗ, ಸರಿಯಾಗಿ ತಯಾರಿಸಿದ ಸಿರಿಂಜಿಗೂ ಇದಕ್ಕೂ ಬಣ್ಣದ ಗಾಢತೆಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು. ಐದು ಮಿ.ಲೀ. ಕೊಡುವ ಕಡೆ ಇದು ಲೆಕ್ಕಕ್ಕಿಲ್ಲ. 0.1 ಮಿ.ಲೀ. ಕೊಡುವ ಕಡೆ ಲೆಕ್ಕಕ್ಕುಂಟು.

ಇನ್ಸುಲಿನ್ ಅವಧಿಯನ್ನೂ ಇದೇ ರೀತಿ ಕೈಯಾರೆ ಮಾಡಿಸಿದರು. ನಮ್ಮ ದೇಶದಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ವಯಲ್‌ಗಳೂ 100 ಯೂನಿಟ್ ಇರುವವೂ ಚಾಲ್ತಿಯಲ್ಲಿವೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಮಗುವಿಗೆ ಹೋಗುವುದು ಹತ್ತು ಯೂನಿಟ್ ಅಲ್ಲ, ಇಪ್ಪತ್ತೈದು. ಟೈಪ್ ಒನ್ ಮಧುಮೇಹದ ಮಕ್ಕಳು ಮನೆಯಿಂದ ತಮ್ಮದೇ ಇನ್ಸುಲಿನ್ ತಂದು ವಾರ್ಡಿನಲ್ಲಿ ದಾಖಲಾಗುವುದು ಸಾಮಾನ್ಯವಾಗಿರುವುದರಿಂದ, ವಾರ್ಡಿನ ಸಿರಿಂಜೂ ಮನೆಯ ವಯಲೂ ಹೊಂದದೆ ಹೋಗುವ ಸಾಧ್ಯತೆ ಊಹೆಯ ಮಾತಲ್ಲ.

ಮಧ್ಯಾಹ್ನದ ಅವಧಿ ಪ್ಯಾರಸಿಟಮಾಲ್ ಮತ್ತು ಮನೆಗೆ ಹೋಗುವ ಔಷಧಿಗಳದ್ದು. ಇಷ್ಟು ಸಾಮಾನ್ಯ ಔಷಧಿಗೆ ಇಷ್ಟು ಹೊತ್ತು ಏಕೆ ಎಂದು ಆರಂಭದಲ್ಲಿ ಕೆಲವರು ಗೊಣಗಿದರು. ಎಂಟು ಕೆ.ಜಿ.ಯ ಮಗುವಿಗೆ ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ.ನಂತೆ 120 ಮಿ.ಗ್ರಾಂ. ಬೇಕು. ಅಂಗಡಿಯಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೇ 100 ಮಿ.ಗ್ರಾಂ. ಇರುತ್ತದೆ, ಸಿರಪ್‌ಗಳಲ್ಲಿ ಐದು ಮಿ.ಲೀ.ಗೆ 120 ಅಥವಾ 125 ಇರುವುದೂ ಉಂಟು, 250 ಇರುವುದೂ ಉಂಟು. ಹಾಗಾಗಿ ಅದೇ ಮಗುವಿಗೆ ಡ್ರಾಪ್ಸ್ ಆದರೆ 1.2 ಮಿ.ಲೀ., 120ರ ಸಿರಪ್ ಆದರೆ ಐದು ಮಿ.ಲೀ., 250ರ ಸಿರಪ್ ಆದರೆ 2.4 ಮಿ.ಲೀ. ಕೊಡಬೇಕಾಗುತ್ತದೆ. ಹೋದ ಸಲ ಸಿರಪ್ಪನ್ನು ಐದು ಮಿ.ಲೀ. ಕೊಟ್ಟ ಅಭ್ಯಾಸದಲ್ಲಿ ತಾಯಿ ಈ ಸಲ ಡ್ರಾಪ್ಸನ್ನೇ ಐದು ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ. ಒಮ್ಮೆಗೇ ಹೊಟ್ಟೆಗೆ ಹೋಗುತ್ತದೆ. ಅದು ಆ ಮಗುವಿಗೆ ಇಡೀ ದಿನಕ್ಕೆ ಹಂಚಿ ಕೊಡಬೇಕಾದಷ್ಟು. ಜ್ವರ ಇಳಿಯಲಿಲ್ಲವೆಂದು ನಾಲ್ಕಾರು ಗಂಟೆಗೊಮ್ಮೆ ಅದನ್ನೇ ಮುಂದುವರಿಸಿದರೆ ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುತ್ತದೆ.

ಡಿಸ್ಚಾರ್ಜ್ ಸಮಯದ ಮಾತುಕತೆಯನ್ನು ಅಭಿನಯಿಸಿ ತೋರಿಸುವ ಭಾಗ ಇದರ ನಂತರ ಬಂತು. ಸಾಮಾನ್ಯವಾಗಿ ಇಂಥ ಅಭಿನಯಗಳು ನಗೆಪಾಟಲಾಗುತ್ತವೆ. ಇಲ್ಲಿ ತಾಲ್ಲೂಕು ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರು ಮಗುವಿನ ಅಜ್ಜಿಯ ಪಾತ್ರ ವಹಿಸಿ, "ಆಯ್ತು ಬಿಡವ್ವ, ಎಲ್ಲಾ ಗೊತ್ತಾಯ್ತು, ಒಂದು ಚಮಚ ತಾನೆ" ಎಂದು ಎದ್ದು ಹೊರಟೇಬಿಟ್ಟರು. ಎದುರಿಗಿದ್ದ ನರ್ಸ್‌ಗೆ ಏನು ಮಾಡಬೇಕೆಂದು ತೋಚಲಿಲ್ಲ. ಆಗ ತರಬೇತುದಾರರು ನಡುವೆ ಬಂದು, ಗೊತ್ತಾಯಿತೇ ಎಂದು ಕೇಳಿದರೆ ಯಾರೇ ಆದರೂ ಗೊತ್ತಾಯಿತು ಎಂದೇ ಹೇಳುತ್ತಾರೆ, ಆದ್ದರಿಂದ "ಎಷ್ಟು ಹಾಕ್ತೀರಿ, ಒಂದ್ಸಲ ತೋರಿಸಿಬಿಡಿ ಅಜ್ಜಿ" ಎಂದು ಆ ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳದಲ್ಲೋ ಡ್ರಾಪರಿನಲ್ಲೋ ನೀರು ತೆಗೆಸಿ ನೋಡಬೇಕು ಎಂದರು. ಮನೆಯ ಚಮಚಗಳು ಒಂದೊಂದು ಒಂದೊಂದು ಗಾತ್ರದವು. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಬಳಸುವುದೂ ಅಷ್ಟೇ ಅಪಾಯ. ಇದಕ್ಕೆ ತಗಲುವುದು ಎರಡು ನಿಮಿಷ. ಆದರೆ ಮನೆಯಲ್ಲಿ ಔಷಧಿ ಕುಡಿಸುವವರು ಯಾರೋ ಅವರ ಕೈಯಲ್ಲೇ ಇದನ್ನು ಮಾಡಿಸಬೇಕು, ಬಿಲ್ ಕಟ್ಟಲು ನಿಂತಿರುವ ತಂದೆಯ ಕೈಯಲ್ಲಲ್ಲ ಎಂಬ ಮಾತನ್ನೂ ಸೇರಿಸಿದರು. ಇದು ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವ ಮಾತು.

ಕೆಮ್ಮಿನ ಸಿರಪ್ಪಿನ ಬಗ್ಗೆ ಪ್ರತ್ಯೇಕವಾಗಿ ಮಾತನಾಡಿದ್ದು ಸರಿಯಾಗಿಯೇ ಇತ್ತು. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಸಿರಪ್ ಕುಡಿದು ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ 2025ರಲ್ಲಿ ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತ ನಂತರ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿಗಳನ್ನು ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅವು ಸಲ್ಲವು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ಸಲಹೆ ನೀಡಿತು. ಜ್ವರ-ನೋವಿನ ಔಷಧಿಯಾದ ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನವರಿಗೆ 2011ರಲ್ಲೇ ನಿಷೇಧಿಸಲಾಗಿದೆ. ಸಣ್ಣ ಕ್ಲಿನಿಕ್ಕುಗಳಲ್ಲಿ ವೈದ್ಯರ ಕೋಣೆಯಿಂದ ಹೊರಬಂದ ತಾಯಂದಿರು "ಸಿಸ್ಟರ್, ಮನೇಲಿ ಹಳೇ ಸಿರಪ್ ಇದೆ, ಅದನ್ನೇ ಹಾಕ್ಲಾ?" ಎಂದು ಕೇಳುವುದು ನರ್ಸನ್ನೇ ಆದ್ದರಿಂದ, ಆ ಪ್ರಶ್ನೆಗೆ ಉತ್ತರ ಅವರ ಬಳಿ ಇರಬೇಕು.

ಎರಡನೆಯ ದಿನ ಅಷ್ಟು ಬಿಗಿಯಾಗಿರಲಿಲ್ಲ. ಬೆಳಿಗ್ಗೆ ಅಪಾಯಕಾರಿ ಔಷಧಿಗಳ ಬಗ್ಗೆ ಉಪನ್ಯಾಸವಿತ್ತು. 2007ರಲ್ಲಿ ಲಾಸ್ ಏಂಜಲಿಸ್‌ನ ಆಸ್ಪತ್ರೆಯೊಂದರಲ್ಲಿ ನಟ ಡೆನಿಸ್ ಕ್ವೇಡ್ ಅವರ ಅವಳಿ ಶಿಶುಗಳಿಗೆ ಮಿ.ಲೀ.ಗೆ ಹತ್ತು ಯೂನಿಟ್ ಇರಬೇಕಾದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಬದಲು ಹತ್ತು ಸಾವಿರ ಯೂನಿಟ್ಟಿನದು ಹೋದ ಪ್ರಕರಣವನ್ನು ಬಹಳ ಹೊತ್ತು ವಿವರಿಸಿದರು. ಆ ಮಕ್ಕಳು ಬದುಕಿದರು. ಅದರ ಹಿಂದಿನ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಅದೇ ಬಗೆಯ ತಪ್ಪಿನಿಂದ ಮೂರು ಶಿಶುಗಳು ತೀರಿಕೊಂಡಿದ್ದವು. ಎರಡೂ ವಯಲ್‌ಗಳ ಲೇಬಲ್ ನೀಲಿ ಛಾಯೆಯವು, ನೋಡಲು ಒಂದೇ ತರಹ. ಪ್ರಕರಣ ಮುಖ್ಯವಾದದ್ದೇ. ಆದರೆ ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ವಾರ್ಡಿನ ಟ್ರಾಲಿಯಲ್ಲೇ ಇದೆ. ಪೊಟ್ಯಾಶಿಯಂ ಕ್ಲೋರೈಡಿನ ಹತ್ತು ಮಿ.ಲೀ. ಆಂಪ್ಯೂಲ್, ಡಿಸ್ಟಿಲ್ಡ್ ವಾಟರಿನ ಹತ್ತು ಮಿ.ಲೀ. ಆಂಪ್ಯೂಲ್ ಎರಡೂ ಬಣ್ಣವಿಲ್ಲದ ದ್ರವ, ಎಷ್ಟೋ ಕಡೆ ಒಂದೇ ಖಾನೆಯಲ್ಲಿ ಇರುತ್ತವೆ. ಮೊದಲನೆಯದನ್ನು ತೆಳುಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಅದನ್ನು ವಾರ್ಡಿನ ಸಾಮಾನ್ಯ ಸಂಗ್ರಹದಿಂದ ತೆಗೆದು ಬೀಗದೊಳಗೆ ಇಡಬೇಕೆಂಬ ವಿಷಯಕ್ಕೆ ಒಂದೇ ಒಂದು ಸ್ಲೈಡ್ ಇತ್ತು. ಮೊದಲ ದಿನ ಡಬ್ಬಿಗಳನ್ನು ಮೇಜಿಗೆ ತಂದಿಟ್ಟವರು ಎರಡನೆಯ ದಿನ ಏಕೆ ಪರದೆಗೆ ಮರಳಿದರೋ ತಿಳಿಯಲಿಲ್ಲ.

ಅಡ್ರಿನಾಲಿನ್ ವಿಷಯದಲ್ಲೂ ಇದೇ ಆಯಿತು. ಅಲರ್ಜಿಯ ತೀವ್ರ ಆಘಾತದಲ್ಲಿ ಆಂಪ್ಯೂಲ್‌ನಲ್ಲಿರುವಂತೆಯೇ ಕೆ.ಜಿ.ಗೆ 0.01 ಮಿ.ಲೀ. ತೊಡೆಯ ಸ್ನಾಯುವಿಗೆ, ಹೃದಯ ನಿಂತಾಗ ಹತ್ತು ಪಟ್ಟು ತೆಳುಮಾಡಿ ಕೆ.ಜಿ.ಗೆ 0.1 ಮಿ.ಲೀ. ರಕ್ತನಾಳಕ್ಕೆ ಎಂಬ ವ್ಯತ್ಯಾಸವನ್ನು ಬಾಯಲ್ಲಿ ಹೇಳಿ ಮುಗಿಸಿದರು. ಗಾಬರಿಯ ಹೊತ್ತಿನಲ್ಲಿ ಅತಿ ಹೆಚ್ಚು ಗೊಂದಲವಾಗುವ ಲೆಕ್ಕ ಇದು. ಕೈಯಲ್ಲಿ ಮಾಡಿಸಬೇಕಾದದ್ದನ್ನು ಪರದೆಯ ಮೇಲೆ ತೋರಿಸಿದ್ದು ಈ ತರಬೇತಿಯ ದೊಡ್ಡ ಲೋಪಗಳಲ್ಲಿ ಒಂದು. ಔಷಧಿಯನ್ನು ಅಳತೆಯಂತೆ ನಿಧಾನವಾಗಿ ತಳ್ಳುವ ಸಿರಿಂಜ್ ಪಂಪಿನ ಅವಧಿ ಮಾತ್ರ ಬಹಳ ಉದ್ದವಾಗಿತ್ತು. ಒಂದೇ ಕಂಪನಿಯ ಪಂಪು, ಅದರ ಗುಂಡಿಗಳ ವಿವರಣೆ. ಬಂದಿದ್ದವರಲ್ಲಿ ಎಷ್ಟೋ ಮಂದಿಯ ವಾರ್ಡಿನಲ್ಲಿ ಇರುವುದು ಸಣ್ಣ ಹನಿ ಬೀಳಿಸುವ ಮೈಕ್ರೋ ಡ್ರಿಪ್ ಸೆಟ್ಟೇ. ಅದರಲ್ಲಿ ಒಂದು ಮಿ.ಲೀ.ಗೆ 60 ಹನಿ ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ. ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ ಬೀಳಬೇಕು ಎಂಬ ಸರಳ ಸಂಗತಿಯನ್ನಾಗಲಿ, 20 ಹನಿಯ ಸಾಮಾನ್ಯ ಸೆಟ್ಟನ್ನು ತಪ್ಪಿ ಹಾಕಿ ಅಷ್ಟೇ ಹನಿ ಎಣಿಸಿದರೆ ಮೂರು ಪಟ್ಟು ದ್ರವ ಹೋಗುತ್ತದೆ ಎಂಬುದನ್ನಾಗಲಿ ಯಾರೂ ಹೇಳಲಿಲ್ಲ.

ತೂಕದ ಬಗ್ಗೆ ಹೇಳಿದ್ದು ಕಡಿಮೆಯಾದರೂ ಉಪಯುಕ್ತವಾಗಿತ್ತು. ಮಗುವನ್ನು ತೂಗದೆ, ವಯಸ್ಸಿಗೆ ನಾಲ್ಕು ಸೇರಿಸಿ ಎರಡರಿಂದ ಗುಣಿಸುವ ಹಳೆಯ ಸೂತ್ರವನ್ನು ನೆಚ್ಚಿಕೊಂಡರೆ ನಾಲ್ಕು ವರ್ಷದ ಮಗು 16 ಕೆ.ಜಿ. ಆಗುತ್ತದೆ. ಆದರೆ ನಮ್ಮ ವಾರ್ಡಿಗೆ ಬರುವ ಆ ವಯಸ್ಸಿನ ಸಣಕಲು ಮಕ್ಕಳಲ್ಲಿ 12 ಕೆ.ಜಿ.ಯವರು ಅಪರೂಪವಲ್ಲ, ಅವರಿಗೆ ಮೂರನೇ ಒಂದು ಭಾಗ ಹೆಚ್ಚಿನ ಡೋಸ್ ಹೋಗುತ್ತದೆ. ತೂಕವನ್ನು ದಿನಾಂಕದೊಡನೆ ಬರೆಯಬೇಕು, ಕಂಬಳಿ ಸುತ್ತಿಕೊಂಡ ಶಿಶುವನ್ನು ಹಾಗೆಯೇ ತೂಗಬಾರದು, ಕೈಗೆ ಕಟ್ಟಿದ ಸ್ಪ್ಲಿಂಟಿನ ಭಾರವನ್ನು ಕಳೆಯಬೇಕು ಎಂಬಂಥ ಸಣ್ಣ ಸಂಗತಿಗಳನ್ನು ಹೇಳಿದರು. ಮೂಗಿನ ನಳಿಕೆಯಲ್ಲಿ ಕೊಡುವ ಬಾಯಿ ಔಷಧಿಯನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ತುಂಬಿಟ್ಟರೆ ಅದು ಕ್ಯಾನುಲಾಗೆ (ರಕ್ತನಾಳಕ್ಕೆ ಹಾಕಿದ ಕೊಳವೆ) ಹೋಗುವ ಅಪಾಯವನ್ನೂ ತೋರಿಸಿ, ಕ್ಯಾನುಲಾಗೆ ಕೂರದ ಬೇರೆಯೇ ಮೂತಿಯ ಸಿರಿಂಜುಗಳನ್ನು ಪ್ರದರ್ಶಿಸಿದರು. ಅವು ನಮ್ಮ ಊರಿನ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವುದಿಲ್ಲ. ಸಿಗುವವರೆಗೆ ಬಾಯಿ ಔಷಧಿಯನ್ನು ಬೇರೆ ಟ್ರೇಯಲ್ಲಿ, ಬೇರೆ ಹೊತ್ತಿನಲ್ಲಿ ತೆಗೆದುಕೊಂಡು ಹೋಗಬೇಕು ಎಂಬ ಪರಿಹಾರ ತರಬೇತುದಾರರಿಂದ ಬರಲಿಲ್ಲ. ಮೆಡಿಕಲ್ ಕಾಲೇಜಿನ ಸಿಸ್ಟರ್ ಒಬ್ಬರು ತಮ್ಮ ಘಟಕದಲ್ಲಿ ಹಾಗೆ ಮಾಡುತ್ತೇವೆಂದು ಎದ್ದು ಹೇಳಿದರು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಇಡೀ ತರಬೇತಿಯು ಒಂದು ಮಗು, ಒಬ್ಬ ನರ್ಸ್, ಒಂದು ಮೇಜು, ಸಾಕಷ್ಟು ಬೆಳಕು ಮತ್ತು ಸಾಕಷ್ಟು ಸಮಯ ಇದೆ ಎಂದು ಭಾವಿಸಿಕೊಂಡಿದೆ. ಅಪಾಯಕಾರಿ ಔಷಧಿಗಳನ್ನು ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಲೆಕ್ಕ ಹಾಕಿ, ಉತ್ತರಗಳನ್ನು ಹೋಲಿಸಿ, ಆಮೇಲೆ ಕೊಡಬೇಕೆಂದು ಕಲಿಸಿದರು. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ನೋಡಿ ತಲೆಯಾಡಿಸುವುದು ಪರಿಶೀಲನೆಯಲ್ಲ ಎಂದದ್ದೂ ಸರಿಯೇ. ಆದರೆ ರಾತ್ರಿ ಪಾಳಿಯಲ್ಲಿ ವಾರ್ಡಿಗೆ ಒಬ್ಬರೇ ನರ್ಸ್ ಇರುವ ಆಸ್ಪತ್ರೆಯಲ್ಲಿ ಆ ಎರಡನೆಯವರು ಎಲ್ಲಿಂದ ಬರಬೇಕು ಎಂದು ನರ್ಸಿಂಗ್ ಹೋಮಿನ ಹುಡುಗಿಯೊಬ್ಬಳು ಕೇಳಿದಾಗ, ಆಡಳಿತದ ಗಮನಕ್ಕೆ ತನ್ನಿ ಎಂಬ ಉತ್ತರ ಬಂತು. ಕೇಳಿದವಳು ಕೂತುಕೊಂಡಳು. ಪಕ್ಕದ ವಾರ್ಡಿನವರನ್ನು ಕರೆಯುವುದು, ಯಾವ ಔಷಧಿಗಳಿಗೆ ಡ್ಯೂಟಿ ಡಾಕ್ಟರೇ ಎರಡನೆಯ ಲೆಕ್ಕ ಹಾಕಬೇಕೆಂದು ಮೊದಲೇ ನಿಗದಿ ಮಾಡುವುದು, ಪ್ರತಿ ಮಗುವಿನ ತೂಕಕ್ಕೆ ತಕ್ಕ ತುರ್ತು ಡೋಸುಗಳನ್ನು ಹಗಲಿನಲ್ಲೇ ಇಬ್ಬರು ಕೂತು ಲೆಕ್ಕ ಹಾಕಿ ಕೇಸ್ ಶೀಟಿನ ಮುಂಭಾಗಕ್ಕೆ ಅಂಟಿಸುವುದು ಇವೆಲ್ಲ ಇರುವ ಸಿಬ್ಬಂದಿಯಲ್ಲೇ ಆಗುವ ಕೆಲಸಗಳು. ಈ ಚರ್ಚೆಗೆ ಕಾಲು ಗಂಟೆ ಕೊಟ್ಟಿದ್ದರೂ ಸಾಕಿತ್ತು.

ಅಡ್ಡಿಗಳ ಬಗ್ಗೆಯೂ ಮೌನವೇ. ಸಿಡ್ನಿಯ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧಿ ಕೊಡುವಾಗ ನರ್ಸ್‌ಗೆ ಎದುರಾಗುವ ಪ್ರತಿಯೊಂದು ಅಡ್ಡಿಯ ಜೊತೆಗೂ ತಪ್ಪುಗಳು ಸುಮಾರು ಶೇ. 12ರಷ್ಟು ಹೆಚ್ಚುತ್ತಾ ಹೋದದ್ದು ಕಂಡುಬಂದಿತ್ತು. ನಮ್ಮಲ್ಲಿ ಒಬ್ಬ ನರ್ಸ್ ಬೆಳಗಿನ ಇಂಜೆಕ್ಷನ್‌ಗಳನ್ನು ಲೋಡ್ ಮಾಡುವ ಹೊತ್ತಿಗೆ ಡ್ರಿಪ್ ಖಾಲಿಯಾಯಿತೆಂದು ಒಬ್ಬರು ಕರೆಯುತ್ತಾರೆ, ಬಿಲ್ಲಿಂಗ್ ಕೌಂಟರಿನಿಂದ ಫೋನು ಬರುತ್ತದೆ, ರೌಂಡ್ಸಿಗೆ ಬಂದ ವೈದ್ಯರು ನಡೆದುಕೊಂಡೇ ಬಾಯಿಮಾತಿನ ಆದೇಶ ಕೊಟ್ಟು ಮುಂದಕ್ಕೆ ಹೋಗುತ್ತಾರೆ. ಬಾಯಿಮಾತಿನ ಆದೇಶವನ್ನು ಬರೆದುಕೊಂಡು, ಅಂಕಿಯನ್ನು ಬಿಡಿಬಿಡಿಯಾಗಿ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವುದನ್ನು ಹಿರಿಯ ವೈದ್ಯರ ಎದುರಿಗೆ ಇಪ್ಪತ್ತೆರಡು ವರ್ಷದ ಹುಡುಗಿ ಹೇಗೆ ಮಾಡಬೇಕು? "ಸರ್, ಒಂದು ಪಾಯಿಂಟ್ ಐದೋ, ಹದಿನೈದೋ?" ಎಂದು ಕೇಳಲು ಅಭ್ಯಾಸ ಬೇಕು. ಅಜ್ಜಿಯ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿಸಿದವರು ಅವಸರದ ವೈದ್ಯರ ಪಾತ್ರವನ್ನೂ ಮಾಡಿಸಬಹುದಿತ್ತು.

ತಪ್ಪಾದರೆ ಮುಚ್ಚಿಡದೆ ವರದಿ ಮಾಡಿ ಎಂಬ ಮಾತನ್ನು ಎಲ್ಲ ತರಬೇತಿಗಳಂತೆ ಇಲ್ಲಿಯೂ ಹೇಳಿದರು. ವರದಿ ಮಾಡಿದವರಿಗೆ ಮೆಮೊ ಕೊಡುವ ಆಸ್ಪತ್ರೆಗಳಲ್ಲಿ ಈ ಮಾತಿಗೆ ಅರ್ಥವಿರುವುದಿಲ್ಲ. ಅದಕ್ಕೆ ತರಬೇತಿ ಬೇಕಾದದ್ದು ಆಡಳಿತದವರಿಗೆ. ಔಷಧಿಯಿಂದ ಉಂಟಾದ ಅನಿರೀಕ್ಷಿತ ಪರಿಣಾಮಗಳನ್ನು ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ 1800-180-3024 ಸಂಖ್ಯೆಯಲ್ಲಿ ನರ್ಸ್‌ಗಳೂ ನೇರವಾಗಿ ತಿಳಿಸಬಹುದು ಎಂಬುದಂತೂ ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ.

ಕೊನೆಯ ಪರೀಕ್ಷೆಯಲ್ಲಿ ಹತ್ತು ಲೆಕ್ಕಗಳು, ಉತ್ತೀರ್ಣರಾಗಲು ಆರು ಸರಿಯಾದರೆ ಸಾಕು. ಅಂದರೆ ಹತ್ತು ಮಕ್ಕಳಲ್ಲಿ ನಾಲ್ವರಿಗೆ ತಪ್ಪು ಡೋಸ್ ಲೆಕ್ಕ ಹಾಕಿದವರಿಗೂ ಸುರಕ್ಷತೆಯ ಪ್ರಮಾಣಪತ್ರ ಸಿಗುತ್ತದೆ. ಬ್ರಿಟನ್ನಿನ ನರ್ಸಿಂಗ್ ಪರಿಷತ್ತಿನ 2018ರ ಮಾನದಂಡದ ಪ್ರಕಾರ ಅಲ್ಲಿನ ನರ್ಸಿಂಗ್ ವಿದ್ಯಾರ್ಥಿಗಳು ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆಯಲೇಬೇಕು. ನೂರು ಬರುವವರೆಗೆ ಮತ್ತೆ ಬರೆಯಲು ಬಿಡುವುದರಲ್ಲಿ ಯಾರಿಗೂ ಅವಮಾನವಿಲ್ಲ. ಇಲ್ಲಿ ಉತ್ತರ ಪತ್ರಿಕೆಗಳನ್ನು ಮರಳಿ ಕೊಡಲಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ. ಯಾವ ಲೆಕ್ಕ ತಪ್ಪಿತು ಎಂಬುದೇ ತಿಳಿಯದೆ ಎಲ್ಲರೂ ಬಸ್ ಹತ್ತಿದರು. ಕೈಪಿಡಿ ಇಂಗ್ಲಿಷಿನಲ್ಲಿತ್ತು. ಕೇಸ್ ಶೀಟುಗಳೂ ಇಂಗ್ಲಿಷಿನಲ್ಲೇ ಇರುವುದರಿಂದ ಅದು ನಡೆಯುತ್ತದೆ, ಆದರೆ ತಾಯಂದಿರ ಕೈಗೆ ಕೊಡಬಹುದಾದ ಒಂದು ಪುಟದ ಕನ್ನಡ ಚೀಟಿಯಾದರೂ ಜೊತೆಗಿರಬೇಕಿತ್ತು. ಶುಲ್ಕ ಒಬ್ಬರಿಗೆ 1,500 ರೂಪಾಯಿ, ಊಟ ಸೇರಿ. ಊಟ ಚೆನ್ನಾಗಿತ್ತು, ಮೈಕು ಕೆಟ್ಟಿತ್ತು.

ನಮ್ಮ ವಾರ್ಡಿಗೆ ಮರಳಿದ ಮೇಲೆ ಏನು ಉಳಿಯಿತು ಎಂಬುದನ್ನು ಗಮನಿಸುತ್ತಾ ಬಂದಿದ್ದೇನೆ. ಹ್ಯಾಂಡ್‌ಓವರ್‌ನಲ್ಲಿ ಮಿ.ಗ್ರಾಂ. ಹೇಳುವ ರೂಢಿ ಬಂದಿದೆ. ಫಾರ್ಮಸಿಯಿಂದ ಬೇರೆ ಪ್ರಮಾಣದ ವಯಲ್ ಬಂದ ದಿನ ಹೊಸ ಹುಡುಗಿಯರೇ ಅದನ್ನು ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಯುತ್ತಿದ್ದಾರೆ. ಡಿಸ್ಚಾರ್ಜ್ ಹೊತ್ತಿನಲ್ಲಿ ನೀರು ತೆಗೆಸಿ ನೋಡುವುದು ಬಿಡುವಿದ್ದಾಗ ನಡೆಯುತ್ತದೆ, ಡೆಂಗ್ಯೂ ಕಾಲದ ನೂಕುನುಗ್ಗಲಿನಲ್ಲಿ ಬಿಟ್ಟುಹೋಗುತ್ತದೆ. ಎರಡನೆಯವರ ಪರಿಶೀಲನೆಯ ಸಹಿ ಮಾತ್ರ ಪಾಳಿ ಮುಗಿಯುವಾಗ ಒಟ್ಟಿಗೆ ಹಾಕುವ ಸಹಿಯಾಗಿ ಬದಲಾಗಿದೆ. ಕೈಯಲ್ಲಿ ಮಾಡಿಸಿ ಕಲಿಸಿದ್ದು ಉಳಿದಿದೆ, ಪರದೆಯ ಮೇಲೆ ತೋರಿಸಿದ್ದು ಉಳಿದಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆ ಅಂಕಗಳ ಬಹುಪಾಲು ಮೊದಲ ದಿನದ್ದು. ಮಕ್ಕಳ ವಾರ್ಡಿಗೆ ಹೊಸದಾಗಿ ಬಂದವರನ್ನು, ದೊಡ್ಡವರ ವಾರ್ಡಿನಿಂದ ಇಲ್ಲಿಗೆ ಬದಲಾದವರನ್ನು ಖಂಡಿತ ಕಳಿಸಬಹುದು. ನವಜಾತ ಶಿಶು ಘಟಕದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಎರಡನೆಯ ದಿನ ವ್ಯರ್ಥವೆನಿಸೀತು. ಕಳಿಸುವವರು ಒಬ್ಬರನ್ನೇ ಕಳಿಸದೆ ಒಬ್ಬ ಹಿರಿಯರ ಜೊತೆ ಒಬ್ಬ ಕಿರಿಯರನ್ನು ಕಳಿಸಿ, ಇಲ್ಲದಿದ್ದರೆ ಮರಳಿ ಬಂದ ಕಿರಿಯರ ಮಾತು ವಾರ್ಡಿನಲ್ಲಿ ನಡೆಯುವುದಿಲ್ಲ. ಹೆಸರು ನೋಂದಾಯಿಸುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಅಡ್ರಿನಾಲಿನ್ ಮತ್ತು ಪೊಟ್ಯಾಶಿಯಂ ಅವಧಿಗಳಲ್ಲಿ ಕೈಯಲ್ಲಿ ಮಾಡಿಸುತ್ತಾರೆಯೇ, ಉತ್ತರ ಪತ್ರಿಕೆ ಮರಳಿ ಕೊಡುತ್ತಾರೆಯೇ, ಮತ್ತು ನೋಂದಣಿ ನವೀಕರಣಕ್ಕೆ ಬೇಕಾದ ಮುಂದುವರಿದ ಶಿಕ್ಷಣದ ಗಂಟೆಗಳಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ. ಜೊತೆಗೆ ನಿಮ್ಮ ವಾರ್ಡಿನ ಟ್ರಾಲಿಯಲ್ಲಿರುವ ಮಕ್ಕಳ ಔಷಧಿಗಳ ಪಟ್ಟಿಯನ್ನು ಪ್ರಮಾಣ ಸಮೇತ ಬರೆದು ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿ. ಕೇಳಿದರೆ ಆ ಲೆಕ್ಕಗಳನ್ನೂ ಅವರು ಮಾಡಿಸುತ್ತಾರೆ.